ಇಳಿಜಾರಿಲ್ಲದ ಕೊಳವೆಯಲ್ಲಿ ಮಳೆನೀರು
10,000 ಚದರ ಮೀಟರ್ ವಿಸ್ತಾರದ ಕಾರ್ಖಾನೆಯ ಚಾವಣಿಯ ಮೇಲೆ ಗಂಟೆಗೆ 100 ಮಿ.ಮೀ. ತೀವ್ರತೆಯ ಮಳೆ ಸುರಿದರೆ ಸೆಕೆಂಡಿಗೆ ಸುಮಾರು 278 ಲೀಟರ್ ನೀರನ್ನು ಕೆಳಗಿಳಿಸಬೇಕಾಗುತ್ತದೆ. ಸಾಮಾನ್ಯ ಇಳಿಕೊಳವೆಯಲ್ಲಿ ನೀರು ಒಳಮೈಗೆ ಅಂಟಿಕೊಂಡು ಇಳಿಯುವುದರಿಂದ ಬಹುಪಾಲು ಜಾಗವನ್ನು ಗಾಳಿಯೇ ಆಕ್ರಮಿಸಿರುತ್ತದೆ. ಹೀಗಾಗಿ ದಪ್ಪನೆಯ ಕೊಳವೆಗಳು ಹಲವು ಬೇಕಾಗುತ್ತವೆ. 1960ರ ದಶಕದ ಕೊನೆಯಲ್ಲಿ ಫಿನ್‌ಲ್ಯಾಂಡಿನಲ್ಲಿ ರೂಪುಗೊಂಡ ಸೈಫನ್ ಪದ್ಧತಿಯಲ್ಲಿ, ಅಂದರೆ ಕೊಳವೆ ಪೂರ್ತಿ ತುಂಬಿದಾಗ ಇಳಿಯುವ ನೀರೇ ಮೇಲಿನ ನೀರನ್ನು ಸೆಳೆದುಕೊಳ್ಳುವ ವ್ಯವಸ್ಥೆಯಲ್ಲಿ, ಚಾವಣಿಯ ದೋಣಿಯೊಳಗಿನ ಕೊಳವೆಬಾಯಿಗೆ ಕೂರಿಸಿದ ಚಪ್ಪಟೆ ತಟ್ಟೆಯೊಂದು ಸುಳಿಯನ್ನು ತಡೆದು ಗಾಳಿ ನುಗ್ಗದಂತೆ ನೋಡಿಕೊಳ್ಳುವುದರಿಂದ, ಸಣ್ಣ ವ್ಯಾಸದ ಅಡ್ಡಕೊಳವೆಗಳನ್ನು ಇಳಿಜಾರಿಲ್ಲದೆಯೇ ಚಾವಣಿಯಡಿ ಹಾಯಿಸಬಹುದಾಗಿದ್ದು, ಯಂತ್ರಗಳ ನಡುವೆ ನೆಲ ಅಗೆಯುವ ಅಗತ್ಯವೂ ತಗ್ಗುತ್ತದೆ. ಆದರೆ ಎಲೆ, ಕಸ ಬಾಯಿಗೆ ಕಟ್ಟಿಕೊಂಡರೆ ಈ ಸೆಳೆತವೇ ಕುಸಿಯುವುದರಿಂದ, ಹೆಚ್ಚಿದ ನೀರು ಹೊರಬೀಳಲು ದೋಣಿಯ ಅಂಚಿನಲ್ಲಿ ತುರ್ತು ಕಂಡಿಯನ್ನಿಡುವುದೂ ಮಳೆಗಾಲಕ್ಕೆ ಮುನ್ನ ಶುಚಿಗೊಳಿಸುವುದೂ ಅನಿವಾರ್ಯ.