ಬರೆಯದ ಕಾಗದಕ್ಕೆ ಚಪ್ಪಾಳೆ

ಕಳೆದ ವನಮಹೋತ್ಸವದ ದಿನ ನಮ್ಮ ಬಡಾವಣೆಯ ಉದ್ಯಾನದಲ್ಲಿ ಒಂದು ಹೊಂಗೆಯ ಸಸಿ ನೆಟ್ಟರು. ಆಮೇಲೆ ಭಾಷಣವಾಯಿತು. ಭಾಷಣಕಾರರು ಜೇಬಿನಿಂದ ನಾಲ್ಕು ಮಡಿಕೆಯ ಹಾಳೆಯೊಂದನ್ನು ತೆಗೆದು, ಅಮೆರಿಕದ ಮೂಲನಿವಾಸಿಗಳ ನಾಯಕ ಸಿಯಾಟಲ್ 1855ರಲ್ಲಿ ಅಲ್ಲಿನ ಅಧ್ಯಕ್ಷ ಫ್ರಾಂಕ್ಲಿನ್ ಪಿಯರ್ಸನಿಗೆ ಬರೆದ ಕಾಗದವಿದು ಎಂದು ಗದ್ಗದ ಕಂಠದಿಂದ ಓದಿದರು. ನೆಲವನ್ನು ಮಾರುವುದೆಂದರೇನೆಂದು ಬೆರಗಾಗುವ, ನದಿಯನ್ನು ಬಂಧುವೆನ್ನುವ ಆ ಕಾಗದವನ್ನು ವಾಚಕರಲ್ಲಿ ಅನೇಕರು ಬಲ್ಲರು. ಪಕ್ಕದಲ್ಲಿದ್ದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಹಿಂದೊಮ್ಮೆ ಅದನ್ನೋದಿ ನಾನೂ ಕಣ್ಣೊರೆಸಿಕೊಂಡವನೇ. ಆದರೆ ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಟಪಾಲು ನೋಡಿಕೊಂಡವನಿಗೆ ಒಂದು ಕೆಟ್ಟ ಅಭ್ಯಾಸ ಉಳಿದುಬಿಡುತ್ತದೆ. ಕಾಗದವೆಂದೊಡನೆ ಅದರ ನಂಬರು ಯಾವುದು, ಎಲ್ಲಿ ದಾಖಲಾಯಿತು, ಯಾರು ಷರಾ ಬರೆದರು ಎಂದು ಕೇಳಬೇಕೆನಿಸುತ್ತದೆ.

ಕೇಳಿದೆ. “ನಿಮಗೆ ಇನ್ನೂ ದಫ್ತರದ್ದೇ ಧ್ಯಾನ! ಭಾವ ನೋಡಿ ಸ್ವಾಮಿ, ಭಾವ!” ಎಂದರು. ಸುತ್ತಲಿದ್ದವರೆಲ್ಲ ನಕ್ಕರು. ಆ ನಗುವಿಗೆ ಅಂದು ನನ್ನಲ್ಲಿ ಉತ್ತರ ಹೊಳೆಯಲಿಲ್ಲ, ಈಗ ಬರೆಯುತ್ತಿದ್ದೇನೆ.

ಮೊದಲು ದಫ್ತರದ ಮಾತನ್ನೇ ಮುಗಿಸೋಣ. ಸಿಯಾಟಲ್ ಇಂಗ್ಲಿಷ್ ಬರೆಯಬಲ್ಲವನಲ್ಲ. ಒಪ್ಪಂದಕ್ಕೆ ಗೀಟೆಳೆದು ಒಪ್ಪಿಗೆ ಕೊಟ್ಟವನು. ಅಂಥವನ ಮಾತು ಅಧ್ಯಕ್ಷನನ್ನು ಮುಟ್ಟಬೇಕಾದರೆ ಸ್ಥಳೀಯ ಏಜೆಂಟ, ಅವನ ಮೇಲೆ ಗವರ್ನರ್ ಐಸಾಕ್ ಸ್ಟೀವನ್ಸ್, ಅಲ್ಲಿಂದ ರಾಜಧಾನಿಯ ಇಂಡಿಯನ್ ವ್ಯವಹಾರಗಳ ಕಮಿಷನರು, ಹೀಗೆ ಮೆಟ್ಟಿಲು ಹತ್ತಿಯೇ ಹೋಗಬೇಕು. ಬಂದ ಕಾಗದಗಳಿಗೆ ರಿಜಿಸ್ಟರು ಇಡುವ ಪದ್ಧತಿ ಅಲ್ಲಿಯೂ ಇತ್ತು. ಅಮೆರಿಕದ ರಾಷ್ಟ್ರೀಯ ಪತ್ರಾಗಾರದ ಜೆರಿ ಕ್ಲಾರ್ಕ್ ಎಂಬವರು ಈ ಕಡತಗಳನ್ನು ಜಾಲಾಡಿ, 1985ರಲ್ಲಿ ಆ ಪತ್ರಾಗಾರದ ಪತ್ರಿಕೆಯಲ್ಲೇ ಫಲ ಪ್ರಕಟಿಸಿದರು. ಕಾಗದವಿಲ್ಲ, ಬಂದ ಗುರುತೂ ಇಲ್ಲ.

ಸರ್ಕಾರದ ದಫ್ತರವೆಂದರೆ ಗೆದ್ದವನ ದಫ್ತರ, ಸೋತವನ ಕಾಗದವನ್ನು ಅವರು ಹರಿದೆಸೆದಿರಬಾರದೇಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಕಡತದಲ್ಲಿ ಇಲ್ಲದ್ದೆಲ್ಲ ಲೋಕದಲ್ಲಿ ಇರಲೇ ಇಲ್ಲವೆಂದು ನಾನೂ ಹೇಳುವುದಿಲ್ಲ. ನಮ್ಮ ಕಚೇರಿಯಲ್ಲೇ ಇಲಿ ತಿಂದ ಕಡತಗಳ ಲೆಕ್ಕ ನನಗೆ ಗೊತ್ತು. ಆದರೆ ಕಾಗದವೇ ತನ್ನ ವಿರುದ್ಧ ಸಾಕ್ಷಿ ನುಡಿಯುತ್ತಿದೆ. ರೈಲಿನಿಂದ ಗುಂಡಿಟ್ಟು ಕೊಂದ ಕಾಡೆಮ್ಮೆಗಳು ಬಯಲಿನಲ್ಲಿ ಕೊಳೆಯುವುದನ್ನು ತಾನು ಕಂಡೆನೆಂದು ಅದರಲ್ಲಿ ನಾಯಕ ಹೇಳುತ್ತಾನೆ. ಅವನಿದ್ದದ್ದು ಪಶ್ಚಿಮ ಕರಾವಳಿಯ ಪ್ಯೂಜೆಟ್ ಸೌಂಡಿನಲ್ಲಿ. ಆ ಹಿಂಡುಗಳಿದ್ದದ್ದು ಪರ್ವತಗಳಾಚೆಯ ಬಯಲುಸೀಮೆಯಲ್ಲಿ. ದೇಶದ ಅಡ್ಡಗಲಕ್ಕೆ ರೈಲು ಹಾದಿ ಕೂಡಿದ್ದು 1869ರಲ್ಲಿ. ಸಿಯಾಟಲ್ ತೀರಿಕೊಂಡದ್ದು 1866ರಲ್ಲಿ.

ಹಾಗಾದರೆ ಬರೆದವರು ಯಾರು? ಅದೂ ಗುಟ್ಟಲ್ಲ. ನಾಯಕನು 1854ರಲ್ಲಿ ಗವರ್ನರನ ಮುಂದೆ ಆಡಿದನೆಂಬ ಒಂದು ಭಾಷಣವನ್ನು ಹೆನ್ರಿ ಸ್ಮಿತ್ ಎಂಬ ವೈದ್ಯರು 1887ರಲ್ಲಿ, ಅಂದರೆ ಮೂವತ್ತಮೂರು ವರ್ಷದ ಮೇಲೆ, ಸಿಯಾಟಲ್ ನಗರದ ಪತ್ರಿಕೆಯೊಂದರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿ ಎಷ್ಟು ನಾಯಕನದು, ಎಷ್ಟು ವೈದ್ಯರದು ಎಂಬ ಜಗಳ ಬೇರೆ. ಆ ಭಾಷಣದ ಎಳೆ ಹಿಡಿದು ಟೆಡ್ ಪೆರಿ ಎಂಬ ಅಧ್ಯಾಪಕರು ಪರಿಸರದ ಚಲಚ್ಚಿತ್ರವೊಂದಕ್ಕೆ ಮಾತು ಬರೆದುಕೊಟ್ಟರು. 1972ರಲ್ಲಿ ಚಿತ್ರ ಬಂತು. ಅದರಲ್ಲಿ ಬರಹಗಾರನ ಹೆಸರು ಬರಲಿಲ್ಲ. ಮಾತೆಲ್ಲ ನಾಯಕನ ಪಾಲಾಯಿತು. ಪೆರಿಯವರೇ ಇದನ್ನು ಬಾಯಿಬಿಟ್ಟು ಹೇಳಿದ್ದಾರೆ, ವಿಷಾದಪಟ್ಟಿದ್ದಾರೆ. ಕೇಳುವವರು ಬೇಕಲ್ಲ!

ಈಗ ಭಾವದ ಮಾತು. ಭಾವವೇ ಮುಖ್ಯ, ಸಹಿ ಯಾರದಾದರೇನು ಎನ್ನುವ ಮಹನೀಯರು ಮುಂದಿನ ಸಭೆಯಲ್ಲಿ “ಟೆಡ್ ಪೆರಿ ಬರೆದದ್ದು” ಎಂದು ಹೇಳಿಯೇ ಓದಲಿ ನೋಡೋಣ. ಓದುವುದಿಲ್ಲ. ಓದಿದರೆ ಸೆರಗು ಕಣ್ಣಿಗೆ ಹೋಗುವುದಿಲ್ಲವೆಂಬುದು ಅವರಿಗೆ ಚೆನ್ನಾಗಿ ಗೊತ್ತು. ಅವರಿಗೆ ಬೇಕಾದದ್ದು ಭಾವವಲ್ಲ, ಸಹಿಯೇ. ನೆಲ ಕಳೆದುಕೊಂಡ ಮುದುಕನ ಬಾಯಿಗೆ ನಮ್ಮ ಮಾತು ತುರುಕಿ, ಅವನ ಕೈಯಿಂದ ನಮಗೇ ಆಶೀರ್ವಾದ ಮಾಡಿಸಿಕೊಳ್ಳುವ ಈ ಭಕ್ತಿಯನ್ನು ನಾನು ಅವಮಾನವೆಂದೇ ಕರೆಯುತ್ತೇನೆ. ನೆಲವನ್ನು ಕಸಿದವರು ಮಾತನ್ನಾದರೂ ಬಿಟ್ಟಿದ್ದರು.

ಇದಕ್ಕಿಂತ ಕೆಟ್ಟ ಕೆಲಸ ಇನ್ನೊಂದಿದೆ. ಈ ಸೊಗಸಾದ ಕಾಗದದ ಗದ್ದಲದಲ್ಲಿ ನಿಜವಾದ ಕಾಗದಗಳನ್ನು ಯಾರೂ ಓದುತ್ತಿಲ್ಲ. ಅವು ಅದೇ ದಫ್ತರದಲ್ಲಿವೆ. 1855ರ ಜನವರಿ 22ರಂದು ಪಾಯಿಂಟ್ ಎಲಿಯಟ್‌ನಲ್ಲಿ ಆದ ಒಪ್ಪಂದವಿದೆ. ಸಿಯಾಟಲ್ ಸುಕ್ವಾಮಿಶ್ ಮತ್ತು ಡುವಾಮಿಶ್ ಜನರ ನಾಯಕನೆಂದು ಗೀಟು ಹಾಕಿದ್ದಾನೆ. ಡುವಾಮಿಶ್ ಜನಕ್ಕೆ ತಮ್ಮದೆಂಬ ಮೀಸಲು ನೆಲ ಸಿಗಲೇ ಇಲ್ಲ. ಅವನ ಹೆಸರನ್ನೇ ಇಟ್ಟುಕೊಂಡ ಊರು 1865ರಲ್ಲಿ, ಅವನಿನ್ನೂ ಬದುಕಿರುವಾಗಲೇ, ಬಿಳಿಯರ ಬಳಿ ಕೆಲಸಕ್ಕಿದ್ದು ಅವರ ಆಸರೆಯಲ್ಲಿದ್ದವರ ಹೊರತು ಅವನ ಜನ ಊರೊಳಗೆ ವಾಸಿಸಕೂಡದೆಂದು ಕಟ್ಟಳೆ ಮಾಡಿತು. 2001ರ ಜನವರಿಯಲ್ಲಿ ಡುವಾಮಿಶ್ ಪಂಗಡಕ್ಕೆ ಕೊಟ್ಟಂತೆ ಮಾಡಿದ ಮಾನ್ಯತೆಯನ್ನು ಸರ್ಕಾರ ಅದೇ ವರ್ಷ ಹಿಂತೆಗೆದುಕೊಂಡಿತು. 2015ರಲ್ಲಿ ಮತ್ತೆ ಇಲ್ಲವೆಂದಿತು. ಇದಕ್ಕೆಲ್ಲ ನಂಬರಿದೆ, ತಾರೀಖಿದೆ. ಗೆದ್ದವನ ದಫ್ತರವೇ ಸೋತವನ ಪರವಾಗಿ ಸಾಕ್ಷಿ ಹೇಳುತ್ತಿರುವಾಗ ಸುಳ್ಳು ಸಾಕ್ಷಿಯನ್ನು ತಂದು ನಿಲ್ಲಿಸುವುದು ಯಾವ ವಕೀಲಿಕೆ?

ಪಾಯಿಂಟ್ ಎಲಿಯಟ್‌ನ ಸಭೆಯ ವರದಿಯಲ್ಲಿ ಸಿಯಾಟಲ್ ಆಡಿದ ಮಾತೂ ದಾಖಲಾಗಿದೆ. ಕೆಲವೇ ವಾಕ್ಯ. ಅದರಲ್ಲಿ ನದಿಯಿಲ್ಲ, ಆಕಾಶವಿಲ್ಲ. ಗವರ್ನರನನ್ನು ತಂದೆಯೆಂದು ಕರೆಯುತ್ತಾನೆ, ತನ್ನ ಜನರ ಸದ್ಭಾವವನ್ನು ತಿಳಿಸುತ್ತಾನೆ, ಹೆಚ್ಚು ಹೇಳಲಾರೆನೆನ್ನುತ್ತಾನೆ. ಕಡೆಗೆ ಡಾಕ್ಟರ್ ಮೇನಾರ್ಡರ ಹೆಸರೆತ್ತಿ, ತನಗೆ ಯಾವಾಗಲೂ ಅವರಿಂದ ಔಷಧ ಸಿಗುತ್ತಿರಲಿ ಎಂದು ಕೇಳಿಕೊಳ್ಳುತ್ತಾನೆ. ಬಿಳಿಯರೊಡನೆ ಬಂದ ರೋಗಗಳಿಂದ ಜನವೇ ಕರಗಿಹೋಗುತ್ತಿದ್ದ ಕಾಲದಲ್ಲಿ ಒಬ್ಬ ನಾಯಕ ಕೇಳಿದ್ದು ಔಷಧ.

ಈ ವರ್ಷದ ವನಮಹೋತ್ಸವದಲ್ಲಿ ಆ ವಾಕ್ಯಗಳನ್ನು ಓದಲು ನನಗೆ ಅವಕಾಶ ಕೊಡಿ ಎಂದು ಸಂಘದ ಕಾರ್ಯದರ್ಶಿಗಳಿಗೆ ಬರೆದಿದ್ದೇನೆ. ಎಷ್ಟು ಹೊತ್ತು ಬೇಕಾದೀತೆಂದು ಕೇಳಿದರು. ಒಂದು ನಿಮಿಷ ಸಾಕೆಂದೆ. ಕಾರ್ಯಕಾರಿ ಸಮಿತಿಯ ಮುಂದಿಡುತ್ತೇವೆಂದಿದ್ದಾರೆ.