ದಿಂಡಿನೊಳಗಣ ಮದ್ದು

ಬಾಳೆಯ ಗಿಡದಲ್ಲಿ ನಮ್ಮ ಹಿರಿಯರು ಬಿಸುಟದ್ದೆಂಬುದೇ ಇಲ್ಲ. ಎಲೆ ಊಟಕ್ಕಾಯಿತು, ಹೂವೂ ದಿಂಡೂ ಪಲ್ಯಕ್ಕಾದುವು, ನಾರು ಮಾಲೆ ಕಟ್ಟುವುದಕ್ಕೆ ಒದಗಿತು. ಅನಾನಸಿನ ಮಾತು ಬೇರೆ. ದಕ್ಷಿಣ ಅಮೆರಿಕದ ಈ ಹಣ್ಣು 16ನೆಯ ಶತಮಾನದಲ್ಲಿ ಪೋರ್ತುಗೀಜರೊಡನೆ ಭಾರತಕ್ಕೆ ಬಂದಿತು. ತವರಿನ ಹೆಸರನ್ನೂ ಜೊತೆಗೇ ತಂದಿತು. ಬನವಾಸಿಯ ಸುತ್ತಿನ ಹೊಲಗಳಲ್ಲಿ ಇಂದು ಅದು ಮನೆಯ ಮಗಳೇ ಆಗಿದೆ. ಆದರೂ ನಾವು ಅರಿತಿರುವುದು ಅದರ ತಿರುಳನ್ನು ಮಾತ್ರ. ಸಿಪ್ಪೆ, ಮುಡಿ, ನಡುದಿಂಡುಗಳು ತಿಪ್ಪೆಗೆ. ಫಸಲು ತೀರಿದ ಗಿಡದ ಕಾಂಡ ಮಣ್ಣಿಗೆ.

ಹಸಿಯ ಅನಾನಸನ್ನು ಹಾಲಿನಲ್ಲಿ ಬೆರೆಸಿಟ್ಟರೆ ತುಸು ಹೊತ್ತಿನಲ್ಲಿ ಕಹಿಯಾಗುವುದನ್ನು ಗೃಹಿಣಿಯರು ಬಲ್ಲರು. ಹಣ್ಣನ್ನು ಚೆನ್ನಾಗಿ ಬೇಯಿಸಿ ಬೆರೆಸಿದರೆ ಈ ತೊಡಕಿಲ್ಲ. ಕಾರಣ, ಅದರಲ್ಲಿರುವ ಬ್ರೊಮೆಲೇನ್ ಎಂಬ ಕಿಣ್ವ. ಪ್ರೋಟೀನನ್ನು ತುಂಡರಿಸುವುದು ಅದರ ಕಸುಬು. ಬೆಂಕಿ ತಗುಲಿದರೆ ಅದರ ಶಕ್ತಿ ಅಡಗುತ್ತದೆ. ಹೆಚ್ಚು ತಿಂದಾಗ ನಾಲಗೆ ಉರಿಯುವುದರಲ್ಲಿಯೂ ಅದರ ಪಾಲುಂಟು.

ವೆನಿಜುವೆಲಾದ ವಿಸೆಂಟೆ ಮಾರ್ಕಾನೊ ಎಂಬ ರಸಾಯನ ವಿಜ್ಞಾನಿ 1891ರಲ್ಲಿ ಹಣ್ಣಿನ ರಸದಲ್ಲಿ ಈ ಕಿಣ್ವವನ್ನು ಗುರುತಿಸಿದರು. ಆದರೆ ತಿನ್ನುವ ಹಣ್ಣನ್ನೇ ಹಿಂಡಿ ಔಷಧಿ ಮಾಡಿದರೆ ಗಿಟ್ಟುವುದೆಂತು? ಹವಾಯಿಯ ಅನಾನಸು ಉದ್ಯಮದಲ್ಲಿ ದುಡಿಯುತ್ತಿದ್ದ ರಾಲ್ಫ್ ಹೈನಿಕೆಯವರು, ಹೊಲದಲ್ಲಿ ಉಳಿಯುವ ಕಾಂಡದಲ್ಲಿಯೇ ಅದು ಹೇರಳವಾಗಿದೆಯೆಂದು 1957ರಲ್ಲಿ ಪ್ರಕಟಿಸಿದರು. ಕಾಂಡವನ್ನು ಅರೆದು ಹಿಂಡಿ, ರಸವನ್ನು ಸೋಸಿ, ತಣ್ಣನೆಯ ಅಸಿಟೋನನ್ನು ಬೆರೆಸಿದರೆ ಕಿಣ್ವವು ಗಷ್ಟಾಗಿ ತಳಕ್ಕಿಳಿಯುತ್ತದೆ. ಅದನ್ನು ಕಾಯಿಸದೆ ಒಣಗಿಸಿದರೆ ಪುಡಿ ದೊರೆಯುತ್ತದೆ.

ಈ ಪುಡಿಯ ಬೆಲೆ ತಿಳಿಯಬೇಕಾದರೆ ಸುಟ್ಟ ಗಾಯದ ರೋಗಿಯ ಹಾಸಿಗೆಯ ಬಳಿಗೆ ಹೋಗಬೇಕು. ಸತ್ತ ಚರ್ಮವನ್ನು ತೆಗೆಯದೆ ಆಳವಾದ ಗಾಯ ಮಾಯದು. ಶಸ್ತ್ರದಿಂದ ಕೆತ್ತಿದರೆ ಬದುಕಿದ ಚರ್ಮವೂ ಒಂದಿಷ್ಟು ಹೋಗುತ್ತದೆ. ಬ್ರೊಮೆಲೇನಿನ ಕಿಣ್ವಗಳಿಂದ ಸಿದ್ಧಪಡಿಸಿದ ಲೇಪವನ್ನು ನಾಲ್ಕು ಗಂಟೆ ಹಚ್ಚಿಟ್ಟರೆ ಸತ್ತ ಪೊರೆ ಕರಗಿ, ಜೀವವುಳ್ಳದ್ದು ಬಹುಮಟ್ಟಿಗೆ ಉಳಿಯುತ್ತದೆ. ಈ ಔಷಧಿಗೆ ಯುರೋಪಿನಲ್ಲಿ 2012ರಲ್ಲಿಯೂ ಅಮೆರಿಕದಲ್ಲಿ 2022ರಲ್ಲಿಯೂ ಸಮ್ಮತಿ ದೊರೆಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಇದು ಆಸ್ಪತ್ರೆಯಲ್ಲಿ, ನೋವು ತಿಳಿಯದಂತೆ ಮಾಡಿ, ತಜ್ಞರು ನಡೆಸುವ ಚಿಕಿತ್ಸೆ. ಒಲೆಯ ಬೆಂಕಿ ತಾಗಿದ ಕೈಗೆ ಹಣ್ಣಿನ ರಸ ಹಚ್ಚುವುದು ಕೇಡನ್ನು ಕರೆದಂತೆ. ಮೊದಲು ನಲ್ಲಿಯ ತಣ್ಣೀರು ಹರಿಯಬಿಡಬೇಕು, ಬಳಿಕ ವೈದ್ಯರನ್ನು ಕಾಣಬೇಕು.

ಕಸದಿಂದ ರಸ ಎನ್ನುವುದು ಸುಲಭ. ಆದರೆ ಕಿಣ್ವವು ಕೊಳೆತ ರಾಶಿಯಲ್ಲಿ ನಮಗಾಗಿ ಕಾದು ಕುಳಿತಿರುವುದಿಲ್ಲ. ಇಂದು ಕಡಿದ ಕಾಂಡ ಇಂದು ಸರಕು. ವಾರ ಕಳೆದರೆ ನಿಜವಾಗಿಯೂ ಕಸ. ಆದುದರಿಂದ ಹಿಂಡುವ ಯಂತ್ರ ಹೊಲದ ನೆರೆಯಲ್ಲಿಯೇ ಇರಬೇಕು, ಕಾಂಡಕ್ಕೂ ರೈತನಿಗೆ ನಾಲ್ಕು ಕಾಸು ಸಲ್ಲಬೇಕು. ಬಾಳೆಗೆ ನಾವು ತೋರಿದ ಮರ್ಯಾದೆ ಅನಾನಸಿಗೆ ಸಂದೀತಾದರೆ ಹಾಗೆಯೇ ಸಂದೀತು.