ರಜೆಯ ಶನಿವಾರ, ಮೌನವಾದ ಅಲಾರಂ: ಜುಯಿನಗರ, ಡೊಂಬಿವಲಿ ಕಳವು ಪ್ರಕರಣಗಳ ಪಾಠವೇನು?

ನವಿ ಮುಂಬಯಿಯ ಜುಯಿನಗರದ ಬ್ಯಾಂಕ್ ಆಫ್ ಬರೋಡಾ ಶಾಖೆಯಲ್ಲಿ 30 ಲಾಕರ್‌ಗಳು ಬರಿದಾಗಿರುವುದು ಗೊತ್ತಾದದ್ದು 2017ರ ನವೆಂಬರ್ 13ರ ಸೋಮವಾರ. ಅಕ್ಕಪಕ್ಕದಲ್ಲೇ ಅಂಗಡಿ ಬಾಡಿಗೆಗೆ ಹಿಡಿದಿದ್ದ ಕಳ್ಳರು ಅಲ್ಲಿಂದ ಲಾಕರ್ ಕೋಣೆಗೆ ಸುರಂಗ ತೋಡಿದ್ದರು. ಮುಂಬಾಗಿಲನ್ನು ಮುಟ್ಟುವ ಅಗತ್ಯವೇ ಅವರಿಗೆ ಬೀಳಲಿಲ್ಲ.

2022ರ ಜುಲೈನಲ್ಲಿ ಡೊಂಬಿವಲಿಯ ಮಾನ್ಪಾಡಾದ ಐಸಿಐಸಿಐ ಬ್ಯಾಂಕ್ ಶಾಖೆಯಿಂದ ಸುಮಾರು 12 ಕೋಟಿ ರೂಪಾಯಿ ನಾಪತ್ತೆಯಾಯಿತು. ಪೊಲೀಸರ ಪ್ರಕಾರ ಆರೋಪಿ, ನಗದಿನ ಉಸ್ತುವಾರಿ ಹೊತ್ತಿದ್ದ ಸಿಬ್ಬಂದಿಯೇ. ಅಲಾರಂ ಆಫ್ ಮಾಡಿ, ಸಿಸಿಟಿವಿ ಕೆಡಿಸಿ, ಎಸಿ ಡಕ್ಟ್ ಮೂಲಕ ಹಣ ಹೊರಗೆ ಸಾಗಿಸಲಾಗಿತ್ತು.

ಕರ್ನಾಟಕದ ಎರಡು ಪ್ರಕರಣಗಳನ್ನು ಇವುಗಳ ಪಕ್ಕ ಇಟ್ಟು ನೋಡಬೇಕು. 2024ರ ಅಕ್ಟೋಬರ್‌ನಲ್ಲಿ ದಾವಣಗೆರೆ ಜಿಲ್ಲೆಯ ನ್ಯಾಮತಿ ಎಸ್‌ಬಿಐ ಶಾಖೆಯಲ್ಲಿ 17 ಕೆ.ಜಿ.ಗೂ ಹೆಚ್ಚು ಚಿನ್ನ ಕದ್ದವರು ಸಿಸಿಟಿವಿಯ ಡಿವಿಆರ್ ಅನ್ನೂ ಹೊತ್ತೊಯ್ದರು. 2025ರ ಮೇನಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿ ಕೆನರಾ ಬ್ಯಾಂಕ್‌ನಿಂದ ಸುಮಾರು 59 ಕೆ.ಜಿ. ಚಿನ್ನ ಕಳುವಾದಾಗ ಬಂಧಿತರಲ್ಲಿ ಅದೇ ಶಾಖೆಯ ಮಾಜಿ ಮ್ಯಾನೇಜರ್ ಕೂಡ ಇದ್ದರು.

ಕ್ಯಾಲೆಂಡರ್ ಹೇಳುವ ಕಥೆ

ನಾಲ್ಕೂ ಪ್ರಕರಣಗಳು ನಡೆದದ್ದು ತಿಂಗಳ ಎರಡನೇ ಅಥವಾ ನಾಲ್ಕನೇ ಶನಿವಾರದ ಆಸುಪಾಸಿನಲ್ಲಿ. 2015ರ ಸೆಪ್ಟೆಂಬರ್‌ನಿಂದ ಈ ಎರಡು ಶನಿವಾರ ಬ್ಯಾಂಕ್‌ಗಳಿಗೆ ರಜೆ. ಶುಕ್ರವಾರ ಸಂಜೆ ಬೀಗ ಬಿದ್ದರೆ ತೆರೆಯುವುದು ಸೋಮವಾರ. ಆ ಎರಡೂವರೆ ದಿನ ಶಾಖೆಯ ಭಾರವೆಲ್ಲ ಅಲಾರಂ ಮೇಲೆ. ಅದು ಮೌನವಾದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದೇ ಸಮಸ್ಯೆಯ ಬೇರು.

ಬಾಗಿಲಿನ ಮ್ಯಾಗ್ನೆಟಿಕ್ ಸೆನ್ಸರ್ ಬಾಗಿಲು ತೆರೆದರೆ ಮಾತ್ರ ಕೂಗುತ್ತದೆ. ಚಲನೆ ಗುರುತಿಸುವ ಸೆನ್ಸರ್ ಕಳ್ಳ ಕೋಣೆಯೊಳಗೆ ಬಂದ ಮೇಲಷ್ಟೇ ಎಚ್ಚೆತ್ತುಕೊಳ್ಳುತ್ತದೆ. ನೆಲ ಅಗೆಯುವಾಗಲೇ ಗೊತ್ತಾಗಬೇಕಾದರೆ ನೆಲ, ಗೋಡೆಗಳಿಗೆ ಕಂಪನ ಗ್ರಹಿಸುವ ಸೆನ್ಸರ್ ಬೇಕು. ಇವೆಲ್ಲ ಇದ್ದರೂ, ಆಫ್ ಮಾಡುವ ಕೋಡ್ ಗೊತ್ತಿರುವವನೇ ಕಳ್ಳನಾದರೆ ಪ್ರಯೋಜನವಿಲ್ಲ.

ಮೌನವೇ ಎಚ್ಚರಿಕೆಯಾಗಲಿ

ಪರಿಹಾರ ಇನ್ನಷ್ಟು ಸೈರನ್ ಅಲ್ಲ. ಅಲಾರಂ ಪ್ಯಾನೆಲ್ ನಿಗದಿತ ಅಂತರದಲ್ಲಿ 'ನಾನು ಸರಿಯಿದ್ದೇನೆ' ಎಂಬ ಸಂಕೇತವನ್ನು ಹೊರಗಿನ ನಿಯಂತ್ರಣ ಕೊಠಡಿಗೆ ಕಳುಹಿಸಬೇಕು. ಸಂಕೇತ ನಿಂತರೆ ಅದನ್ನೇ ಅಪಾಯವೆಂದು ಪರಿಗಣಿಸಿ ಸ್ಥಳಕ್ಕೆ ಜನ ಹೋಗಬೇಕು. ಒಂದು ಇಂಟರ್‌ನೆಟ್ ಲೈನ್ ಜತೆಗೆ ಮೊಬೈಲ್ ಸಿಮ್ ಇರಬೇಕು. ದೃಶ್ಯಗಳ ಪ್ರತಿ ಶಾಖೆಯ ಹೊರಗೂ ಉಳಿಯಬೇಕು. ಅಲಾರಂ ಆಫ್ ಮಾಡಲು ಇಬ್ಬರ ಅನುಮತಿ ಕಡ್ಡಾಯವಾಗಬೇಕು. ಸಿಬ್ಬಂದಿ ವರ್ಗವಾದ ದಿನವೇ ಕೋಡ್ ಮತ್ತು ಕೀ ಬದಲಾಗಬೇಕು.

ಠಾಣೆ, ಕಲ್ಯಾಣದ ಹೌಸಿಂಗ್ ಸೊಸೈಟಿಗಳು ಮತ್ತು ಚಿನ್ನದಂಗಡಿಗಳಿಗೂ ಇದು ಅನ್ವಯ. ಮಳೆಗಾಲದ ತೇವ ವೈರ್ ಜೋಡಣೆಗಳನ್ನು ತಿನ್ನುತ್ತದೆ. ಬ್ಯಾಕಪ್ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸೋಲುತ್ತದೆ, ಕರೆಂಟ್ ಹೋಗುವವರೆಗೆ ಅದು ಬೆಳಕಿಗೆ ಬರುವುದಿಲ್ಲ. ಹಲ್ಲಿ, ಜೇಡದಿಂದ ಪದೇ ಪದೇ ಸುಳ್ಳು ಅಲಾರಂ ಬಂದರೆ ಕಾವಲುಗಾರ ಸ್ವಿಚ್ಚನ್ನೇ ಆಫ್ ಮಾಡುತ್ತಾನೆ. ತಿಂಗಳಿಗೊಮ್ಮೆ ಮೇನ್ ಸ್ವಿಚ್ ಆಫ್ ಮಾಡಿ, ಪ್ರತಿ ಸೆನ್ಸರನ್ನೂ ಪರೀಕ್ಷಿಸಿ, ರಿಜಿಸ್ಟರ್‌ನಲ್ಲಿ ಬರೆದಿಡುವುದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಗ್ರಾಹಕನಿಗೆ ಸಿಗುವುದೆಷ್ಟು?

ಸುಪ್ರೀಂ ಕೋರ್ಟ್‌ನ 2021ರ ತೀರ್ಪಿನ ನಂತರ ಆರ್‌ಬಿಐ ರೂಪಿಸಿದ ಲಾಕರ್ ನಿಯಮಗಳು 2022ರ ಜನವರಿಯಿಂದ ಜಾರಿಯಲ್ಲಿವೆ. ಕಳ್ಳತನ, ದರೋಡೆ ಅಥವಾ ಸಿಬ್ಬಂದಿ ವಂಚನೆಯಿಂದ ಲಾಕರ್‌ನಲ್ಲಿದ್ದುದು ನಷ್ಟವಾದರೆ ಬ್ಯಾಂಕ್‌ನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟು. ಬಾಡಿಗೆ 3,000 ರೂಪಾಯಿ ಇದ್ದರೆ ಸಿಗುವುದು 3 ಲಕ್ಷ. ಒಳಗಿದ್ದ ಒಡವೆಯ ಬೆಲೆ ಅದಕ್ಕಿಂತ ಎಷ್ಟೇ ಹೆಚ್ಚಿದ್ದರೂ ಲೆಕ್ಕಕ್ಕಿಲ್ಲ. ಹಾಗಾಗಿ ಲಾಕರ್ ಪಡೆಯುವ ಮುನ್ನ ಬಾಡಿಗೆಯ ಜತೆಗೆ, ಅಲಾರಂ ಕೊನೆಯ ಬಾರಿ ಪರೀಕ್ಷೆಯಾದದ್ದು ಯಾವಾಗ ಎಂದೂ ಗ್ರಾಹಕರು ಕೇಳುವುದು ಒಳಿತು.